ಬೀದಿಯಲ್ಲಿ ಬಸ್ಸಿನ ಪಾಲು

ರೈಲು ಎಂದರೆ ನಮ್ಮ ಜನಕ್ಕೆ ಮೊದಲಿನಿಂದಲೂ ಒಂದು ಗೌರವ. ಬಸ್ಸಿಗೆ ಆ ಭಾಗ್ಯವಿಲ್ಲ. ಊರಿಗೆ ರೈಲು ಬಂದ ವರ್ಷವನ್ನು ಹಿರಿಯರು ನೆನಪಿಟ್ಟುಕೊಂಡು ಹೇಳುತ್ತಾರೆ. ಬಸ್ಸು ಯಾವಾಗ ಬಂತೆಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ನಗರಗಳ ಮಾತೂ ಹೀಗೆಯೇ. ಮೆಟ್ರೊ ಬಂದರೆ ನಗರ ದೊಡ್ಡದಾಯಿತೆಂದು ಲೆಕ್ಕ. ಬಸ್ಸು ಎಷ್ಟು ಬಂದರೂ ಅದು ಕಾರಿಲ್ಲದವರ ಅನುಕೂಲವೆಂದೇ ಲೆಕ್ಕ. ಈ ಲೆಕ್ಕವನ್ನು ತಿರುವಿಹಾಕಲು ಹೊರಟ ಒಂದೆರಡು ಊರುಗಳ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಊರುಗಳು ದೂರದವು, ಆದರೆ ಅಲ್ಲಿ ಹೊರಟ ಎಳೆ ನಮ್ಮ ಹುಬ್ಬಳ್ಳಿ-ಧಾರವಾಡದ ತನಕ ಬಂದಿದೆ. ಕನ್ನಡ ಪಾಠ ಹೇಳುವವನಿಗೆ ಬಸ್ಸಿನ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ದಿನಕ್ಕೆರಡು ಹೊತ್ತು ಬಸ್ಸಿನಲ್ಲಿ ನಿಂತುಕೊಂಡು ಹೋಗುವವನಿಗೆ ಅದರ ಚರಿತ್ರೆಯನ್ನು ಕೆದಕುವ ಹಕ್ಕು ಇದ್ದೇ ಇದೆ ಎಂದು ನಾನು ತಿಳಿದಿದ್ದೇನೆ.

ಮೊದಲು ವಸ್ತು ಏನೆಂಬುದನ್ನು ಹೇಳಿಬಿಡಬೇಕು. ಬಿ.ಆರ್.ಟಿ. ಎಂದು ಮೂರಕ್ಷರಗಳಲ್ಲಿ ಕರೆಸಿಕೊಳ್ಳುವ, ಕನ್ನಡದ ಕಾಗದಪತ್ರಗಳಲ್ಲಿ ತ್ವರಿತ ಬಸ್ ಸಾರಿಗೆ ಎಂದು ಕಾಣಿಸಿಕೊಳ್ಳುವ ಈ ಏರ್ಪಾಡಿನಲ್ಲಿ ಬಸ್ಸು ಹೊಸದಲ್ಲ, ದಾರಿ ಹೊಸದು. ರಸ್ತೆಯ ನಡುವೆ ಎರಡು ಸಾಲುಗಳನ್ನು ಬಸ್ಸಿಗೆಂದೇ ಬಿಟ್ಟುಕೊಟ್ಟು, ಮಿಕ್ಕ ವಾಹನಗಳು ಅತ್ತ ಸುಳಿಯದಂತೆ ಅಡ್ಡಗಟ್ಟುವುದು; ಬಸ್ಸು ಬರುವ ಮೊದಲೇ ನಿಲ್ದಾಣದಲ್ಲಿ ಟಿಕೆಟ್ಟು ಕೊಡುವುದು; ನಿಲ್ದಾಣದ ಜಗುಲಿಯನ್ನು ಬಸ್ಸಿನ ನೆಲದ ಮಟ್ಟಕ್ಕೆ ಏರಿಸಿ, ಮುದುಕರೂ ಮಕ್ಕಳೂ ಮೆಟ್ಟಿಲು ಹತ್ತದೆ ನೇರವಾಗಿ ಒಳಗೆ ಕಾಲಿಡುವಂತೆ ಮಾಡುವುದು. ಮುಖ್ಯವಾಗಿ ಇಷ್ಟೇ ಅದರ ಮರ್ಮ. ಊರೊಳಗಿನ ಬಸ್ಸಿನ ವೇಳೆ ಹಾಳಾಗುವುದು ಓಡುವಾಗ ಅಲ್ಲ. ಕಾರುಗಳ ಹಿಂದೆ ನಿಂತಾಗ, ಚಿಲ್ಲರೆಗಾಗಿ ಕಂಡಕ್ಟರು ತಡಕಾಡುವಾಗ, ಒಂದೇ ಬಾಗಿಲಲ್ಲಿ ಇಳಿಯುವವರೂ ಹತ್ತುವವರೂ ಮಲ್ಲಯುದ್ಧಕ್ಕೆ ನಿಂತಾಗ. ಈ ಮೂರನ್ನೂ ನಿವಾರಿಸಿದರೆ ಬಸ್ಸು ಬಹುಮಟ್ಟಿಗೆ ರೈಲಿನ ಕೆಲಸ ಮಾಡಬಲ್ಲುದು ಎಂಬುದು ಇದರ ಹಿಂದಿನ ನಂಬಿಕೆ.

ಇಂಥ ದಾರಿ ಮೊದಲು ಎಲ್ಲಿ ಆಯಿತೆಂಬ ಬಗ್ಗೆ ಜಗಳವಾಡಬಹುದು. ಇಂಗ್ಲೆಂಡಿನ ರಂಕಾರ್ನ್ ಎಂಬ ಊರಿನಲ್ಲಿ 1971ರಲ್ಲೇ ಬಸ್ಸಿಗೆ ಪ್ರತ್ಯೇಕ ಹಾದಿ ತೆರೆದರು. ಆದರೆ ಇದು ರೈಲಿಗೆ ಬದಲಿ ಎಂದು ಜಗತ್ತು ಕಣ್ಣರಳಿಸಿ ನೋಡುವಂತೆ ಮಾಡಿದ್ದು ಬ್ರೆಜಿಲ್ ದೇಶದ ಕುರಿಟಿಬಾ. ಅಲ್ಲಿನವರ ಬಾಯಲ್ಲಿ ಅದು ಕುರಿಚೀಬ. ದಕ್ಷಿಣದ ಪರಾನಾ ರಾಜ್ಯದ ರಾಜಧಾನಿ. 1960ರಲ್ಲಿ ಅದರ ಜನಸಂಖ್ಯೆ ಸುಮಾರು 3.6 ಲಕ್ಷ. ಹತ್ತು ವರ್ಷಗಳಲ್ಲಿ ಅದು 6 ಲಕ್ಷ ದಾಟಿತು. 1980ರ ಹೊತ್ತಿಗೆ 10 ಲಕ್ಷ. ಹಳ್ಳಿಗಳಲ್ಲಿ ಬೇಸಾಯ ಬಿಟ್ಟವರು ಗುಂಪುಗುಂಪಾಗಿ ಬಂದು ಸೇರುತ್ತಿದ್ದ ಊರದು.

ಈ ಊರಿಗೆ 1943ರಲ್ಲೇ ಆಲ್ಫ್ರೆಡ್ ಅಗಾಶ್ ಎಂಬ ಫ್ರೆಂಚ್ ನಗರಯೋಜಕ ಒಂದು ನಕ್ಷೆ ಬರೆದುಕೊಟ್ಟಿದ್ದ. ನಡುವೆ ಕೇಂದ್ರ, ಸುತ್ತಲೂ ಬಳೆಯಂತೆ ವರ್ತುಲ ರಸ್ತೆಗಳು, ಬಳೆಗಳನ್ನು ಕೊಯ್ಯುತ್ತ ಹೊರಟ ಅಗಲವಾದ ಹೆದ್ದಾರಿಗಳು. ನೋಡಲು ಸೊಗಸು. ಆದರೆ ಅದನ್ನು ಪೂರ್ತಿ ಕಟ್ಟುವಷ್ಟು ಹಣ ನಗರಸಭೆಯ ಬಳಿ ಇರಲಿಲ್ಲ. ಕಟ್ಟಿದ ಅಷ್ಟಿಷ್ಟು ರಸ್ತೆಗಳನ್ನು ಕಾರುಗಳು ತುಂಬಿಕೊಂಡವು. 1965ರಲ್ಲಿ ಹೊಸ ಯೋಜನೆ ಸಿದ್ಧವಾಯಿತು. ಅದನ್ನು ಬೆಳೆಸಿ ಕಾರ್ಯಕ್ಕೆ ತರಲೆಂದು ನಗರ ಸಂಶೋಧನೆ ಮತ್ತು ಯೋಜನಾ ಸಂಸ್ಥೆಯೊಂದನ್ನು ಅದೇ ವರ್ಷ ಹುಟ್ಟುಹಾಕಿದರು. ಅದರ ತರುಣ ಶಿಲ್ಪಿಗಳಲ್ಲಿ ಒಬ್ಬರು ಜೈಮೆ ಲರ್ನರ್. ಪೋಲೆಂಡಿನಿಂದ ವಲಸೆ ಬಂದ ಯೆಹೂದಿ ಕುಟುಂಬದವರು. ಹುಟ್ಟಿದ್ದು 1937ರಲ್ಲಿ, ಅದೇ ಊರಿನಲ್ಲಿ.

ಬಳೆಗಳ ನಕ್ಷೆಯನ್ನು ಹೊಸ ಯೋಜನೆ ಕೈಬಿಟ್ಟಿತು. ಊರು ಎಲ್ಲ ದಿಕ್ಕಿಗೂ ಚೆಲ್ಲಿಕೊಂಡು ಬೆಳೆಯಬಾರದು, ಕೆಲವು ಗೆರೆಗಳ ಗುಂಟ ಬೆಳೆಯಬೇಕು ಎಂದು ತೀರ್ಮಾನಿಸಿದರು. ಒಂದೊಂದು ಗೆರೆಯೂ ಮೂರು ಬೀದಿಗಳದ್ದು. ನಡುವಣ ಬೀದಿಯ ಮಧ್ಯಭಾಗ ಬಸ್ಸಿಗೆ, ಅದರ ಅಂಚುಗಳು ಅಲ್ಲಲ್ಲೇ ಓಡಾಡುವ ವಾಹನಗಳಿಗೆ. ಒಂದೊಂದು ಬೀದಿಯಾಚೆ, ಎಡಕ್ಕೊಂದು ಬಲಕ್ಕೊಂದು, ವೇಗವಾಗಿ ಹೋಗುವ ಕಾರುಗಳಿಗೆ ಏಕಮುಖ ರಸ್ತೆ. ಎತ್ತರದ ಕಟ್ಟಡಗಳಿಗೆ ಅಪ್ಪಣೆ ಸಿಗುವುದು ಈ ಗೆರೆಗಳ ಮೇಲೆ ಮಾತ್ರ. ಇದರ ಜಾಣತನವನ್ನು ಗಮನಿಸಬೇಕು. ಸಾಮಾನ್ಯವಾಗಿ ಊರು ಬೆಳೆದ ಮೇಲೆ ಜನರಿದ್ದಲ್ಲಿಗೆ ಬಸ್ಸು ಹುಡುಕಿಕೊಂಡು ಹೋಗುತ್ತದೆ. ಇಲ್ಲಿ ಬಸ್ಸಿನ ದಾರಿಯನ್ನು ಮೊದಲು ಗುರುತಿಸಿ, ಜನ ಅದರ ಪಕ್ಕಕ್ಕೆ ಬಂದು ನೆಲೆಸುವಂತೆ ಮಾಡಿದರು.

ಈ ಗೆರೆಗಳ ಮೇಲೆ ಟ್ರಾಮನ್ನೋ ಮೆಟ್ರೊವನ್ನೋ ಓಡಿಸುವ ಮಾತೂ ಇತ್ತು. ಹಣ ಮಾತ್ರ ಇರಲಿಲ್ಲ. ಇದ್ದದ್ದು ರಸ್ತೆ. ಬಡ ಊರೊಂದು ತನ್ನಲ್ಲಿರುವ ಆಸ್ತಿ ಯಾವುದೆಂದು ಮನೆಯನ್ನೆಲ್ಲ ಹುಡುಕಿ, ಕೊನೆಗೆ ಅಂಗಳವೇ ಆಸ್ತಿ ಎಂದು ಕಂಡುಕೊಂಡ ಹಾಗೆ ನನಗೆ ತೋರುತ್ತದೆ.

ಲರ್ನರ್ 1971ರಲ್ಲಿ ಮೇಯರ್ ಆದಾಗ ವಯಸ್ಸು 33. ಆದರು ಎಂದೆನಷ್ಟೆ, ಗೆದ್ದರು ಎನ್ನಲಿಲ್ಲ. 1964ರಿಂದ ಬ್ರೆಜಿಲಿನಲ್ಲಿ ಸೈನ್ಯದ ಆಳ್ವಿಕೆಯಿತ್ತು, ರಾಜಧಾನಿಗಳ ಮೇಯರುಗಳನ್ನು ಮೇಲಿನವರು ನೇಮಿಸುತ್ತಿದ್ದರು. ಕುರಿಟಿಬಾದ ಗುಣಗಾನ ಮಾಡುವವರು ಈ ಸಂಗತಿಯನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಅದು ಸರಿಯಲ್ಲ. ಮತದ ಭಯವಿಲ್ಲದವನಿಗೆ ಅಂಗಡಿಕಾರರನ್ನೂ ಕಾರಿನವರನ್ನೂ ಎದುರುಹಾಕಿಕೊಳ್ಳುವುದು ಸುಲಭ. ಮುಂದೆ ಹೇಳಲಿರುವ ಬೇರೆ ಊರುಗಳ ಕಥೆಯಲ್ಲಿ ಇದನ್ನು ನೆನಪಿಡಬೇಕಾಗುತ್ತದೆ.

1972ರ ಮೇ ತಿಂಗಳಲ್ಲಿ ನಡೆದದ್ದನ್ನು ಅಲ್ಲಿನವರು ಈಗಲೂ ಕಥೆಯಂತೆ ಹೇಳುತ್ತಾರೆ. ನವೆಂಬರ್ ಹದಿನೈದರ ಬೀದಿ ಎಂಬುದು ಊರಿನ ಮುಖ್ಯ ಪೇಟೆ. ಅದನ್ನು ಕಾಲ್ನಡಿಗೆಯವರಿಗೆ ಮಾತ್ರ ಬಿಡಬೇಕೆಂದು ಲರ್ನರ್ ನಿಶ್ಚಯಿಸಿದರು. ವ್ಯಾಪಾರ ಬಿದ್ದುಹೋಗುತ್ತದೆಂದು ಅಂಗಡಿಯವರ ಗಲಾಟೆ. ನ್ಯಾಯಾಲಯದ ತಡೆಯಾಜ್ಞೆ ಬಂದೀತೆಂಬ ಅಂಜಿಕೆಯೂ ಇತ್ತು. ಶುಕ್ರವಾರ ಸಂಜೆ ಕಚೇರಿಗಳು ಮುಚ್ಚಿದ ಮೇಲೆ ಕೆಲಸದವರು ಬೀದಿಗಿಳಿದರು. ಡಾಂಬರನ್ನು ಕಿತ್ತರು, ಕಲ್ಲು ಹಾಸಿದರು, ದೀಪ ನೆಟ್ಟರು, ಹೂಕುಂಡ ಇಟ್ಟರು. 72 ಗಂಟೆಗಳಲ್ಲಿ ಬೀದಿಯ ರೂಪವೇ ಬದಲಾಗಿತ್ತು. ಮುಂದಿನ ವಾರಾಂತ್ಯಕ್ಕೆ ಕಾರುಗಳ ಮೆರವಣಿಗೆ ತಂದು ಬೀದಿಯನ್ನು ಮರಳಿ ಹಿಡಿಯುವುದಾಗಿ ಕಾರಿನವರು ಸಾರಿದರಂತೆ. ನಗರಸಭೆ ಪೊಲೀಸರನ್ನು ಕರೆಯಲಿಲ್ಲ. ಉದ್ದಕ್ಕೂ ಕಾಗದ ಹಾಸಿ, ಊರಿನ ಮಕ್ಕಳಿಗೆ ಬಣ್ಣ ಕೊಟ್ಟು ಕೂರಿಸಿತು. ಚಿತ್ರ ಬರೆಯುತ್ತ ಕುಳಿತ ಮಕ್ಕಳ ಮೇಲೆ ಕಾರು ಹಾಯಿಸುವ ಧೈರ್ಯ ಯಾರಿಗೂ ಬರಲಿಲ್ಲ. ಮರುವರ್ಷ ಅದೇ ಬೀದಿಯಲ್ಲಿ ಹಳೆಯ ಟ್ರಾಮ್ ಗಾಡಿಯೊಂದನ್ನು ತಂದು ನಿಲ್ಲಿಸಿದರು. ಹಿರಿಯರು ಪೇಟೆ ಕೆಲಸ ಮುಗಿಸುವ ತನಕ ಮಕ್ಕಳು ಅದರೊಳಗೆ ಆಡಿಕೊಂಡಿರಲಿ ಎಂದು.

1974ರ ಸೆಪ್ಟೆಂಬರಿನಲ್ಲಿ ಉತ್ತರ-ದಕ್ಷಿಣವಾಗಿ ಸುಮಾರು 20 ಕಿಲೋಮೀಟರು ಉದ್ದಕ್ಕೆ, ರಸ್ತೆ ನಡುವಿನ ಸಾಲಿನಲ್ಲಿ ಮೊದಲ ಎಕ್ಸ್‌ಪ್ರೆಸ್ ಬಸ್ಸುಗಳು ಓಡಿದವು. ಕೆಂಪು ಬಣ್ಣ. ಆ ಮೇಲೆ ಒಂದೊಂದು ಕೆಲಸದ ಬಸ್ಸಿಗೆ ಒಂದೊಂದು ಬಣ್ಣ ಬಂತು: ಬಡಾವಣೆಗಳಿಂದ ಜನರನ್ನು ತಂದು ಮುಖ್ಯ ದಾರಿಗೆ ಮುಟ್ಟಿಸುವುದಕ್ಕೆ ಕಿತ್ತಳೆ, ಬಡಾವಣೆಯಿಂದ ಬಡಾವಣೆಗೆ ಸುತ್ತುಹಾಕುವುದಕ್ಕೆ ಹಸಿರು. ಓದು ಬಾರದವನೂ ಬಣ್ಣ ನೋಡಿ ಹತ್ತಬಹುದು. 1980ರಲ್ಲಿ ಊರಿಗೆಲ್ಲ ಒಂದೇ ದರ ಮಾಡಿದರು. ದೂರದ ಕೇರಿಯಲ್ಲಿರುವ ಬಡವ ಮೂರು ಬಸ್ಸು ಬದಲಾಯಿಸಿದರೂ, ಊರ ನಡುವಿನ ಶ್ರೀಮಂತ ಎರಡು ನಿಲ್ದಾಣ ಹೋದರೂ ಕೊಡುವುದು ಅಷ್ಟೇ. ಈ ಯೋಜನೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಇದೇ. ಛಾಯಾಚಿತ್ರಗಳಲ್ಲಿ ಎಲ್ಲರಿಗೂ ಕಾಣುವುದು 1991ರಲ್ಲಿ ಬಂದ ಗಾಜಿನ ಕೊಳವೆಯಂಥ ನಿಲ್ದಾಣಗಳು ಮತ್ತು 1992ರ, ಮೂರು ತುಂಡುಗಳನ್ನು ಜೋಡಿಸಿದ 270 ಜನರ ಬಸ್ಸು. ಒಂದೇ ದರವನ್ನು ಯಾರೂ ಛಾಯಾಚಿತ್ರ ತೆಗೆಯಲಾರರು.

ಕುರಿಟಿಬಾ ದಾರಿ ತೋರಿಸಿತು. ಆದರೆ ಅದು ನಡುಗಾತ್ರದ ಊರು. ಎಪ್ಪತ್ತು ಲಕ್ಷ ಜನರಿರುವಲ್ಲಿ ಬಸ್ಸು ರೈಲಿನ ಕೆಲಸ ಮಾಡೀತೇ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ್ದು ಅದೇ ಖಂಡದ ಇನ್ನೊಂದು ತುದಿಯಲ್ಲಿರುವ ಕೊಲಂಬಿಯಾದ ರಾಜಧಾನಿ ಬೊಗೊಟಾ. ಸಮುದ್ರಮಟ್ಟದಿಂದ 2,600 ಮೀಟರು ಎತ್ತರದ ಊರು. 1948ರ ಏಪ್ರಿಲಿನಲ್ಲಿ ಜನನಾಯಕನೊಬ್ಬನ ಕೊಲೆಯಾದಾಗ ಎದ್ದ ದಂಗೆಯಲ್ಲಿ ಅಲ್ಲಿನ ಟ್ರಾಮುಗಳು ಉರಿದುಹೋದವು. ಕೆಲವೇ ವರ್ಷಗಳಲ್ಲಿ ಟ್ರಾಮೇ ನಿಂತಿತು. ಬೀದಿ ಖಾಸಗಿ ಬಸ್ಸುಗಳ ಪಾಲಾಯಿತು. ಚಾಲಕನ ಸಂಪಾದನೆ ಅವನು ಹತ್ತಿಸಿಕೊಂಡ ಪ್ರಯಾಣಿಕರ ಲೆಕ್ಕದಲ್ಲಿ. ಆದ್ದರಿಂದ ಮುಂದಿನ ಮೂಲೆಯಲ್ಲಿ ನಿಂತ ಇಬ್ಬರಿಗಾಗಿ ಎರಡು ಬಸ್ಸುಗಳು ಪಂದ್ಯ ಕಟ್ಟಿ ಓಡುತ್ತಿದ್ದವು. ಜನ ಇದಕ್ಕೆ ಇಟ್ಟ ಹೆಸರನ್ನು ಕನ್ನಡಕ್ಕೆ ತಂದರೆ ‘ಕಾಸಿನ ಕಾಳಗ’ ಎಂದಾಗುತ್ತದೆ. ನಮ್ಮ ಖಾಸಗಿ ಬಸ್ಸುಗಳ ಕಾಲವನ್ನು ಕಂಡವರಿಗೆ ಹೆಚ್ಚು ವಿವರಣೆ ಬೇಡ.

ಮೆಟ್ರೊ ಕಟ್ಟುವ ಮಾತು ಅಲ್ಲಿ 1940ರ ದಶಕದಿಂದಲೂ ಇತ್ತು. ವರದಿಗಳ ಮೇಲೆ ವರದಿ ಬಂದವು, ರೈಲು ಬರಲಿಲ್ಲ. 1998ರಲ್ಲಿ ಮೇಯರ್ ಆದ ಎನ್ರಿಕೆ ಪೆನ್ಯಾಲೋಸಾ ಮತದಿಂದ ಗೆದ್ದವರು, ಅವಧಿ ಮೂರೇ ವರ್ಷ. ಅವರ ವಾದ ಸರಳವಾಗಿತ್ತು. ಕಾನೂನಿನ ಮುಂದೆ ಎಲ್ಲರೂ ಸಮಾನರಾದರೆ, ನೂರು ಜನರನ್ನು ಹೊತ್ತ ಬಸ್ಸಿಗೆ, ಒಬ್ಬನನ್ನು ಹೊತ್ತ ಕಾರಿಗಿಂತ ನೂರು ಪಾಲು ಹೆಚ್ಚು ರಸ್ತೆ ಸಲ್ಲಬೇಕು. ಇದು ಸಾರಿಗೆಯ ಗಣಿತವೆಂದು ಮೇಲ್ನೋಟಕ್ಕೆ ಕಾಣುತ್ತದೆ. ನಿಜದಲ್ಲಿ ಇದು ಆಸ್ತಿ ಹಂಚಿಕೆಯ ಮಾತು. ರಸ್ತೆಯೆಂಬುದು ಊರಿನ ಸಾಮೂಹಿಕ ಆಸ್ತಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ಯಾವ ದಸ್ತಾವೇಜೂ ಇಲ್ಲದೆ ಅದು ಕಾರಿನವರ ಸ್ವಾಧೀನಕ್ಕೆ ಹೋಗಿರುತ್ತದೆ.

2000ದ ಡಿಸೆಂಬರಿನಲ್ಲಿ, ಅಧಿಕಾರ ಮುಗಿಯಲು ಕೆಲವೇ ದಿನ ಇದ್ದಾಗ, ‘ಟ್ರಾನ್ಸ್‌ಮಿಲೇನಿಯೊ’ ಬಸ್ಸುಗಳು ಹೊರಟವು. ಕುರಿಟಿಬಾದಿಂದ ಕಲಿತದ್ದಕ್ಕೆ ಬೊಗೊಟಾ ಒಂದು ಸೂಕ್ಷ್ಮವನ್ನು ಸೇರಿಸಿತು: ದಿಕ್ಕಿಗೆ ಎರಡೆರಡು ಬಸ್ ಸಾಲು. ನಿಲ್ದಾಣದಲ್ಲಿ ಒಂದು ಬಸ್ಸು ನಿಂತಿದ್ದರೆ ಹಿಂದಿನದು ಪಕ್ಕದಿಂದ ಮುಂದೆ ಹೋಗಬಹುದು. ಇಷ್ಟರಿಂದ ಒಂದು ದಿಕ್ಕಿನಲ್ಲಿ ಗಂಟೆಗೆ 40,000ಕ್ಕೂ ಮೀರಿದ ಜನ ಸಾಗುವಂತಾಯಿತು. ಜಗತ್ತಿನ ಎಷ್ಟೋ ಮೆಟ್ರೊಗಳು ಇಷ್ಟು ಜನರನ್ನು ಸಾಗಿಸುವುದಿಲ್ಲ. ಬಸ್ಸಿನ ಕಂಪನಿಗಳಿಗೆ ಹಣ ಪ್ರಯಾಣಿಕರ ತಲೆಯೆಣಿಸಿ ಅಲ್ಲ, ಓಡಿದ ಕಿಲೋಮೀಟರಿನ ಲೆಕ್ಕದಲ್ಲಿ. ಆ ದಾರಿಗಳಲ್ಲಿ ಕಾಸಿನ ಕಾಳಗ ಮುಗಿಯಿತು.

ಇಲ್ಲಿಗೆ ಕಥೆ ನಿಲ್ಲಿಸಿದರೆ ಅದು ಪುರಾಣವಾದೀತು. 15 ವರ್ಷಗಳಲ್ಲಿ 388 ಕಿಲೋಮೀಟರು ದಾರಿ ಮಾಡಬೇಕೆಂದು ಮೊದಲ ಯೋಜನೆಯಲ್ಲಿ ಬರೆದಿತ್ತು. ಆದದ್ದು ಅದರ ಮೂರನೆಯ ಒಂದು ಪಾಲಿಗೂ ಕಡಮೆ. ಜನ ಹೆಚ್ಚಿದರು, ದಾರಿ ಹೆಚ್ಚಲಿಲ್ಲ. ನಿಲ್ದಾಣಗಳಲ್ಲಿ ಉಸಿರುಗಟ್ಟುವ ಜನಸಂದಣಿ. 2012ರ ಮಾರ್ಚಿನಲ್ಲಿ ಸಿಟ್ಟಿಗೆದ್ದವರು ನಿಲ್ದಾಣಗಳ ಗಾಜು ಒಡೆದರು. ಅಗ್ಗದ ವಸ್ತುವಿಗೆ ಇರುವ ಅಪಾಯವೇ ಇದು ಎಂದು ನನಗೆ ಕಾಣುತ್ತದೆ. ಅಗ್ಗವೆಂದು ಕೊಂಡವರು, ಅಗ್ಗವೆಂಬ ಕಾರಣಕ್ಕೇ ಅದನ್ನು ಅಲಕ್ಷಿಸುತ್ತಾರೆ. ಇನ್ನೊಂದು ಸ್ವಾರಸ್ಯ: ಪೆನ್ಯಾಲೋಸಾ 2016ರಲ್ಲಿ ಮತ್ತೆ ಮೇಯರ್ ಆದರು, ಮತ್ತು 2019ರಲ್ಲಿ ಬೊಗೊಟಾದ ಮೊದಲ ಮೆಟ್ರೊ ಮಾರ್ಗದ ಕರಾರು ಆದದ್ದು ಅವರ ಆಡಳಿತದಲ್ಲಿಯೇ. ಬಸ್ಸಿನ ವಕೀಲರೇ ರೈಲಿಗೆ ಒಪ್ಪಿದರು ಎಂದು ಎದುರಾಳಿಗಳು ನಕ್ಕರು. ನನಗೆ ಇದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ಎರಡು ದಶಕಗಳ ಕಾಲ ದಿನಕ್ಕೆ ಲಕ್ಷಗಟ್ಟಲೆ ಜನ ಕೆಲಸಕ್ಕೆ ಹೋಗಿ ಮನೆಗೆ ಬಂದರು. ರೈಲನ್ನೇ ಕಾದಿದ್ದರೆ ಅವರು ಹಳೆಯ ಬಸ್ಸುಗಳಲ್ಲೇ ಜೋತಾಡಬೇಕಿತ್ತು.

ಈ ಪಾಠ ಭಾರತಕ್ಕೆ ಬಂದದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ. ಪುಣೆಯಲ್ಲಿ 2006ರ ಕೊನೆಗೆ ಒಂದು ಪ್ರಯತ್ನವಾಯಿತು. 2009ರ ಅಕ್ಟೋಬರಿನಲ್ಲಿ ಅಹಮದಾಬಾದು ಸುಮಾರು 12 ಕಿಲೋಮೀಟರಿನಿಂದ ಆರಂಭಿಸಿತು. ಅದರ ಹೆಸರು ‘ಜನಮಾರ್ಗ’. ನಮ್ಮ ಅಲಂಕಾರಿಕರಿಗೆ ಮಾರ್ಗವೆಂದರೆ ಪಂಡಿತರದು, ಜನರದೇನಿದ್ದರೂ ದೇಸಿ. ಬಸ್ಸಿನವರು ಎರಡನ್ನೂ ಒಂದೇ ಸಮಾಸದಲ್ಲಿ ಕಟ್ಟಿಬಿಟ್ಟರು.

ದಿಲ್ಲಿಯ ಕಥೆ ಬೇರೆ. ಅಲ್ಲಿ ಅಂಬೇಡ್ಕರ್ ನಗರದಿಂದ ಮೂಲಚಂದ್ ತನಕ, 6 ಕಿಲೋಮೀಟರಿಗೂ ಕಡಮೆ ದೂರ, 2008ರ ಏಪ್ರಿಲಿನಲ್ಲಿ ಬಸ್ಸಿನ ಸಾಲು ತೆರೆಯಿತು. ದಿಲ್ಲಿಯ ಐ.ಐ.ಟಿ.ಯ ಪ್ರಾಧ್ಯಾಪಕ ದಿನೇಶ್ ಮೋಹನ್ ಮತ್ತು ಅವರ ಸಹೋದ್ಯೋಗಿಗಳು ಇದರ ಹಿಂದಿದ್ದರು. ದೋಷಗಳಿದ್ದವು, ಇಲ್ಲವೆನ್ನಲಾಗದು. ಚೌಕಗಳಲ್ಲಿ ಸಿಗ್ನಲ್ಲಿಗಾಗಿ ಬಹಳ ಹೊತ್ತು ಕಾಯಬೇಕಾಗಿತ್ತು. ಯಾವ ಬಸ್ಸು ಬೇಕಾದರೂ ಒಳಗೆ ಬಂದು ಸಾಲುಗಟ್ಟುತ್ತಿತ್ತು. ಆದರೆ ಗಲಾಟೆ ಎದ್ದದ್ದು ಬಸ್ಸಿನವರಿಂದ ಅಲ್ಲ, ಕಾರಿನವರಿಂದ. ನಮ್ಮ ವೇಳೆಯೂ ಪೆಟ್ರೋಲೂ ಹಾಳಾಗುತ್ತಿವೆ, ಖಾಲಿ ಬಿದ್ದಿರುವ ಆ ಸಾಲನ್ನು ನಮಗೆ ಬಿಡಿ ಎಂಬುದು ಅವರ ಅಹವಾಲು. ಖಾಲಿ ಕಾಣುವುದು ಬಸ್ಸು ಬೇಗ ಸಾಗಿ ಹೋದದ್ದರಿಂದ. ಕಾರಿನ ಸಾಲು ತುಂಬಿರುವುದು ಅದು ಸಾಗದೆ ನಿಂತದ್ದರಿಂದ. ತುಂಬಿದ್ದೇ ಉಪಯುಕ್ತ, ಖಾಲಿಯಿರುವುದೇ ವ್ಯರ್ಥ ಎಂದು ಕಣ್ಣು ಹೇಳುತ್ತದೆ, ಕಣ್ಣಿಗೆ ತಲೆಯೆಣಿಸಲು ಬಾರದು. ಮೊಕದ್ದಮೆ ಉಚ್ಚ ನ್ಯಾಯಾಲಯಕ್ಕೆ ಹೋಯಿತು. 2012ರ ಅಕ್ಟೋಬರಿನಲ್ಲಿ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿ ಬಸ್ಸಿನ ಪರವಾಗಿ ನಿಂತಿತು. ಹಾಗೆ ನ್ಯಾಯಾಲಯದಲ್ಲಿ ಉಳಿದದ್ದು ರಾಜಕಾರಣದಲ್ಲಿ ಉಳಿಯಲಿಲ್ಲ. 2016ರ ಜನವರಿಯಲ್ಲಿ ಅದನ್ನು ಕಿತ್ತುಹಾಕತೊಡಗಿದರು, ಜನ ಸಂತೋಷಪಟ್ಟರೆಂದು ವರದಿಯಾಯಿತು. ಯಾವ ಜನ ಎಂದು ಕೇಳಬೇಕೆನಿಸುತ್ತದೆ. ದಿನೇಶ್ ಮೋಹನ್ ಮತ್ತು ಜೈಮೆ ಲರ್ನರ್ ತೀರಿಕೊಂಡದ್ದು ಒಂದೇ ತಿಂಗಳಲ್ಲಿ, 2021ರ ಮೇ.

ಇನ್ನು ನಮ್ಮ ಮನೆಯ ಮಾತು. ಹುಬ್ಬಳ್ಳಿ ಧಾರವಾಡಗಳನ್ನು 1962ರಲ್ಲಿ ಒಂದೇ ಪಾಲಿಕೆಯಾಗಿ ಕೂಡಿಸಿದರು. ಕೂಡಿಸಿದ್ದು ಕಾಗದದಲ್ಲಿ, ನಡುವೆ 20 ಕಿಲೋಮೀಟರು ಇದ್ದೇ ಇತ್ತು. ಒಂದು ವ್ಯಾಪಾರದ ಊರು, ಇನ್ನೊಂದು ವಿದ್ಯೆಯ ಊರು. ಬೆಳಗಾದರೆ ವಿದ್ಯಾರ್ಥಿಗಳೂ ಗುಮಾಸ್ತರೂ ಪಿ.ಬಿ. ರಸ್ತೆಯಲ್ಲಿ ಅತ್ತಿಂದಿತ್ತ, ಇತ್ತಿಂದತ್ತ. ಅದೇ ರಸ್ತೆಯಲ್ಲಿ ಕವಿ ಬೇಂದ್ರೆಯವರ ಹೆಸರು ಹೊತ್ತ ಖಾಸಗಿ ಬಸ್ಸುಗಳೂ ಓಡಿವೆ. ಕವಿಯ ಹೆಸರನ್ನು ಬಸ್ಸಿಗಿಡುವ ಊರು ಬೇರೆಲ್ಲಿದೆಯೋ, ನಾನಂತೂ ಕಂಡಿಲ್ಲ. ಈ ರಸ್ತೆಯನ್ನು ಅಗಲಿಸಿ, ನಡುವೆ ಬಸ್ಸಿನ ಸಾಲು ಹಾಕಿ, ನಿಲ್ದಾಣಗಳಲ್ಲಿ ಬೊಗೊಟಾದಂತೆ ದಾಟಿಹೋಗುವ ಸಾಲನ್ನೂ ಇಟ್ಟು, 2018ರ ಅಕ್ಟೋಬರಿನಲ್ಲಿ ಬಸ್ಸುಗಳನ್ನು ಪ್ರಯೋಗಕ್ಕೆ ಬಿಟ್ಟರು. 2020ರ ಫೆಬ್ರುವರಿಯಲ್ಲಿ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರಿಂದ ವಿಧ್ಯುಕ್ತ ಉದ್ಘಾಟನೆಯಾಯಿತು. ಹೆಸರು ‘ಚಿಗರಿ’. ಮೈಸೂರು ಕಡೆಯವರು ಜಿಂಕೆ ಎನ್ನುವುದನ್ನು ಆ ಭಾಗದವರು ಚಿಗರಿ ಎನ್ನುತ್ತಾರೆ. ಸರಕಾರದ ಹೆಸರಿಡುವ ಸಮಿತಿಗಳಿಗೆ ಸಂಸ್ಕೃತದ ಆಚೆ ನಿಘಂಟಿಲ್ಲವೆಂದು ದೂರುವ ನನ್ನಂಥವರ ಬಾಯನ್ನು ಈ ಒಂದು ಮಾತು ಕಟ್ಟಿಹಾಕಿತು.

ಖರ್ಚಿನ ಅಂದಾಜಿಗೆ ಎರಡು ಅಂಕಿ ಸಾಕು. ಬೆಂಗಳೂರು ಮೆಟ್ರೊದ 42 ಕಿಲೋಮೀಟರಿನ ಮೊದಲ ಹಂತ 2017ರಲ್ಲಿ ಮುಗಿಯುವ ಹೊತ್ತಿಗೆ 13,000 ಕೋಟಿ ರೂಪಾಯಿಗೂ ಮೀರಿ ಬೇಕಾಯಿತು. ಚಿಗರಿಯ 22 ಕಿಲೋಮೀಟರಿಗೆ ಆದದ್ದು ಸಾವಿರ ಕೋಟಿಯ ಆಸುಪಾಸು. ಇದರಲ್ಲಿ ಹಣದ ಲೆಕ್ಕಕ್ಕೆ ಬಾರದ ಬೆಲೆಯೂ ಇದೆ: ರಸ್ತೆ ಅಗಲಿಸಲು ಎಷ್ಟೋ ಅಂಗಡಿಗಳ ಮುಂಭಾಗ ಹೋಯಿತು, ದಾರಿಯುದ್ದಕ್ಕೂ ನೆರಳು ಕೊಡುತ್ತಿದ್ದ ಮರಗಳು ಹೋದವು. ಧಾರವಾಡದ ಮಳೆಯನ್ನೂ ಮರಗಳನ್ನೂ ಪ್ರೀತಿಸಿದವರು ಇದನ್ನು ಸುಲಭವಾಗಿ ಕ್ಷಮಿಸುವುದಿಲ್ಲ, ಕ್ಷಮಿಸಬೇಕಾಗಿಯೂ ಇಲ್ಲ. ಆದರೂ ನಿಲ್ಲದೆ ಓಡುವ ಚಿಗರಿಯಲ್ಲಿ, ಎಡಬಲಕ್ಕೆ ಕಾರುಗಳು ಕೂಗುತ್ತ ನಿಂತಿರುವಾಗ, ಪುಸ್ತಕ ತೆರೆದು ಓದುತ್ತ ಹೋಗುವ ಹುಡುಗಿಯರನ್ನು ನಾನು ನೋಡಿದ್ದೇನೆ. ಹಳೆಯ ಬಸ್ಸಿನಲ್ಲಿ ಓದುವುದಿರಲಿ, ಪುಸ್ತಕವನ್ನು ಹರಿಯದೆ ಇಳಿಸಿಕೊಳ್ಳುವುದೇ ಸಾಹಸವಾಗಿತ್ತು.

ದಿಲ್ಲಿಯಲ್ಲಿ ಕೇಳಿದ ಮಾತು ಇಲ್ಲಿಯೂ ಕೇಳಿಸದೆ ಇಲ್ಲ. ನಡುವಿನ ಸಾಲು ಖಾಲಿ ಇದೆ, ಅದನ್ನು ಎಲ್ಲ ವಾಹನಗಳಿಗೂ ತೆರೆಯಿರಿ ಎಂಬ ಬೇಡಿಕೆ ಮತ್ತೆ ಮತ್ತೆ ಬಂದಿದೆ. ಜೊತೆಗೆ ಬಸ್ಸುಗಳು ಹಳತಾಗುತ್ತ ಬಂದಂತೆ, ಇವುಗಳ ಬದಲು ರೈಲಿನ ಹಾಗೆ ಡಬ್ಬಿ ಜೋಡಿಸಿದ ವಿದ್ಯುತ್ ವಾಹನ ತರಬೇಕೆಂಬ ಮಾತೂ 2025ರ ಹೊತ್ತಿಗೆ ಎದ್ದಿತು. ಅದನ್ನು ಓಡಿಸಬೇಕೆಂದು ಸೂಚಿಸಿದ್ದು ಇದೇ ರಸ್ತೆಯಲ್ಲಿ, ಚಿಗರಿಗೆಂದು ಬಿಡಿಸಿಕೊಟ್ಟ ಅದೇ ನಡುವಿನ ಸಾಲಿನಲ್ಲಿ.